ಅಕ್ಕೋರ ಗಂಟಲು, ನಮ್ಮ ರೆಕಾರ್ಡು

ಅಕ್ಕೋರ ಸ್ವರ ಒಡೆದದ್ದು ಮೊದಲು ಗೊತ್ತಾದದ್ದು ನನಗೆ. ಹೆಡ್‌ಫೋನ್ ಇದ್ದದ್ದು ನನ್ನ ಕಿವಿಯ ಮೇಲೆ ಮಾತ್ರ. ಕೋಣೆಯೊಳಗೆ ಎಲೆಕ್ಟ್ರಿಕ್ ಗಿಟಾರು, ಹೊರಗೆ ಜಗಲಿಯಲ್ಲಿ ಡ್ರಮ್ಮು, ಕಿಟಕಿಯಾಚೆ ಬೇಸಿಗೆಯ ಜೀರುಂಡೆಗಳು. ಅಷ್ಟು ಸದ್ದಿನಲ್ಲಿ ಬೇರೆಯವರಿಗೆ ಅದು ಕೇಳುವಂತಿರಲಿಲ್ಲ. ಹಾಡಿನ ಕೊನೆಯ ಚರಣದಲ್ಲಿ ಅವರು ಮೇಲಿನ ಸ್ವರಕ್ಕೆ ಏರಿದರು. ಏರುತ್ತಿದ್ದ ಹಾಗೆ ಒಂದು ದನಿ ಎರಡಾಯಿತು. ಒಂದು ಹೇಗೋ ಮೇಲಕ್ಕೆ ಹೋಗಿ ನಿಂತಿತು. ಇನ್ನೊಂದು ಅದರ ಅಡಿಯಲ್ಲಿ, ಒಣ ಬಿದಿರನ್ನು ಬಿದಿರಿಗೆ ಉಜ್ಜಿದ ಹಾಗೆ ಗೊರಗುಟ್ಟುತ್ತಿತ್ತು. ಮೈಕಿನ ವೈರು ಸಡಿಲಾಯಿತೇನೋ ಎಂದುಕೊಂಡು ಪ್ಲಗ್ಗನ್ನು ಒತ್ತಿ ಹಿಡಿದೆ. ಗೊರಗು ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಅಕ್ಕೋರು ಕಣ್ಣು ಮುಚ್ಚಿಕೊಂಡು, ಒಂದು ಕೈಯಿಂದ ಕತ್ತನ್ನು ಹಿಡಿದುಕೊಂಡು ಹಾಡುತ್ತಿದ್ದರು.

ಹಾಡು ಮುಗಿಯಿತು. ಟೇಪು ನಿಲ್ಲಿಸಿದೆ. ಗಿಟಾರಿನವನು ಖುಷಿಯಲ್ಲಿದ್ದ.

“ಇದು ಬಂತು ಮಾರಾಯ್ರೆ. ಇದೇ ಬೇಕಾದ್ದು,” ಎಂದ.

ಅಕ್ಕೋರು ಏನೋ ಹೇಳಲು ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ ಅದು. ಜಾಗ ಹೊಸನಗರದ ಒಂದು ಶಾಲೆ. ನಾವಿದ್ದದ್ದು ನಾಲ್ವರು. ನನ್ನದು ಸಾಗರದಲ್ಲಿ ರೇಡಿಯೊ ರಿಪೇರಿ ಅಂಗಡಿ. ಮದುವೆಗೆ, ನಾಟಕಕ್ಕೆ, ಚುನಾವಣೆ ಭಾಷಣಕ್ಕೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದೆ. ಗಿಟಾರಿನವನು ಕರಾವಳಿಯ ಹುಡುಗ, ಅಣೆಕಟ್ಟಿನ ಕಾಲೊನಿಯಲ್ಲಿ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಕೆಲಸಕ್ಕಿದ್ದ. ಶಾರ್ಟ್‌ವೇವಿನಲ್ಲಿ ಬರುತ್ತಿದ್ದ ಪರದೇಶದ ರಾಕ್ ಹಾಡುಗಳನ್ನು ಕೇಳಿ ಕೇಳಿ ತಲೆ ಕೆಡಿಸಿಕೊಂಡಿದ್ದವನು. ಅವನ ಸಾದಾ ಗಿಟಾರಿಗೆ ಹಳೆಯ ಹೆಡ್‌ಫೋನಿನ ಅಯಸ್ಕಾಂತ ತೆಗೆದು, ತಾಮ್ರದ ತಂತಿ ಸುತ್ತಿ, ಸ್ಪೀಕರಿಗೆ ಸದ್ದು ಕಳಿಸುವ ಪಿಕಪ್ ಮಾಡಿಕೊಟ್ಟವನು ನಾನೇ. ಡ್ರಮ್ಮಿನವನು ಸಾಗರದ ಮದುವೆ ಬ್ಯಾಂಡಿನಲ್ಲಿದ್ದ. ಅವನ ಮನೆ, ಗದ್ದೆ ಎಲ್ಲ ಬ್ಯಾಕೋಡಿನ ಕಡೆ ಇತ್ತು. ಅಣೆಕಟ್ಟು ತುಂಬಿದಾಗ ನೀರಿನಡಿ ಹೋಯಿತು. ಹಾಡುವವರು ಹೊಸನಗರದ ಆ ಶಾಲೆಯ ಟೀಚರು. ನಮ್ಮ ಕಡೆ ಹೆಣ್ಣು ಮೇಷ್ಟರನ್ನು ಅಕ್ಕೋರು ಎನ್ನುತ್ತಾರೆ. ಅವರಿಗಿಂತ ದೊಡ್ಡವನಾದ ನಾನೂ ಹಾಗೆಯೇ ಕರೆಯುತ್ತಿದ್ದೆ. ಪದ ಕಟ್ಟುತ್ತಿದ್ದವರೂ ಅವರೇ. ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತ ದಡದಲ್ಲಿ ಕೂತ ಹೆಂಗಸಿನ ಬಗ್ಗೆ ಒಂದು ಹಾಡು ಬರೆದಿದ್ದರು: “ದಡದ ಮೇಲೆ ಕೂತವಳೇ, ನೀರಿನ ಕೆಳಗೆ ಯಾರ ಮನೆ?” ಅದನ್ನು ಮೊದಲ ಸಲ ಬಾರಿಸುವಾಗ ಡ್ರಮ್ಮಿನವನು ಅರ್ಧಕ್ಕೆ ಕೋಲು ಕೆಳಗಿಟ್ಟು ಹೊರಗೆ ಹೋಗಿದ್ದ.

ಕಾಲೊನಿಯ ಗಣಪತಿ ಹಬ್ಬದಲ್ಲಿ ನಮ್ಮ ಕಾರ್ಯಕ್ರಮ ಕೇಳಿದ ಒಂದು ಗ್ರಾಮಫೋನ್ ಕಂಪನಿಯ ಪ್ರತಿನಿಧಿ ಒಂದು ಎಲ್‌ಪಿ ಮಾಡೋಣ ಎಂದಿದ್ದ. ಪೂರ್ತಿ ನಮ್ಮದೇ ಹಾಡುಗಳು, ಎರಡು ಬದಿಗೆ ಎಂಟು. ಪಟ್ಟಣದ ಸ್ಟುಡಿಯೋಗೆ ನಮ್ಮನ್ನು ಕರೆಸಿಕೊಳ್ಳಲು ಕಂಪನಿ ಒಪ್ಪಲಿಲ್ಲ. “ನೀವೇ ಟೇಪ್ ಮಾಡ್ಕೊಡಿ, ಚೆನ್ನಾಗಿದ್ರೆ ಒತ್ತಿಸ್ತೀವಿ. ಮಳೆಗಾಲ ಹಿಡಿಯೋ ಮೊದಲು ಸಾಗರಕ್ಕೆ ಬರ್ತೀನಿ. ಆಗ ತಯಾರಿರ್ಬೇಕು,” ಎಂದು ಹೇಳಿ ಹೋದ. ಅಕ್ಕೋರ ತಾಯಿ ಹಾಸಿಗೆ ಹಿಡಿದಿದ್ದರು, ಅವರನ್ನು ಬಿಟ್ಟು ಅಕ್ಕೋರು ಊರು ದಾಟುವಂತಿರಲಿಲ್ಲ. ಹಾಗಾಗಿ ಹೆಡ್ಮಾಸ್ಟರನ್ನು ಕೇಳಿ ರಜೆಯಲ್ಲಿ ಶಾಲೆಯ ಬೀಗದ ಕೈ ಇಸಿದುಕೊಂಡೆವು. ನನ್ನ ಸ್ಪೂಲ್ ಟೇಪ್ ರೆಕಾರ್ಡರು, ನಾಲ್ಕು ಮೈಕು, ವಾಲ್ವುಗಳನ್ನು ಜೋಡಿಸಿ ನಾನೇ ಮಾಡಿದ ಒಂದು ಮಿಕ್ಸರು, ಎಲ್ಲ ಬಸ್ಸಿನ ಮೇಲೆ ಏರಿ ಹೊಸನಗರಕ್ಕೆ ಬಂದವು.

ಶಾಲೆಯ ಕೋಣೆ ಅಂದರೆ ನಾಲ್ಕು ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಅದು ತಿರುಗಿ ಮುಖಕ್ಕೆ ಬಂದು ಬಡಿಯುತ್ತಿತ್ತು. ಎದುರಿನ ಅಕ್ಕಿ ಮಿಲ್ಲಿನಿಂದ ಖಾಲಿ ಗೋಣಿಚೀಲ ತಂದು ಗೋಡೆಗೆ ತೂಗುಹಾಕಿದೆವು. ಮೂಲೆಗಳಿಗೆ ಭತ್ತದ ಹೊಟ್ಟು ತುಂಬಿದ ಚೀಲ ನಿಲ್ಲಿಸಿದೆವು. ನೆಲಕ್ಕೆ ಚಾಪೆ. ಆಗ ಕೋಣೆ ಸುಮ್ಮನಾಯಿತು. ಆದರೆ ಡ್ರಮ್ಮು ಸುಮ್ಮನಾಗಲಿಲ್ಲ. ಅದು ಎಲ್ಲ ಮೈಕುಗಳಿಗೂ ನುಗ್ಗಿ ಅಕ್ಕೋರ ದನಿಯನ್ನು ಮುಚ್ಚಿಹಾಕುತ್ತಿತ್ತು. ಕೊನೆಗೆ ಡ್ರಮ್ಮಿನವನನ್ನು ಜಗಲಿಗೆ ಕಳಿಸಿ, ಬಾಗಿಲು ಅರ್ಧ ಮುಚ್ಚಿ, ಸಂದಿಯಿಂದ ಅವನಿಗೆ ಗಿಟಾರಿನವನ ಕಾಲು ಕಾಣುವ ಹಾಗೆ ಕೂರಿಸಿದೆ. ಆ ಕಾಲಿನ ತಾಳ ನೋಡಿಕೊಂಡು ಅವನು ಬಾರಿಸಬೇಕು.

ಒಂದೇ ಟ್ರ್ಯಾಕಿನ ಕೆಲಸ. ಎಲ್ಲರೂ ಒಟ್ಟಿಗೆ ನುಡಿಸಬೇಕು, ಒಬ್ಬರು ತಪ್ಪಿದರೂ ಮೊದಲಿನಿಂದ ಶುರು. ಟೇಪು ಸಾಲದು, ಹಾಗಾಗಿ ಕೆಟ್ಟ ಟೇಕುಗಳ ಮೇಲೆಯೇ ಮತ್ತೆ ರೆಕಾರ್ಡು ಮಾಡುತ್ತಿದ್ದೆ. ಬಿಸಿಲೇರಿದರೆ ಜೀರುಂಡೆಗಳು ಹಾಡನ್ನು ನುಂಗುತ್ತಿದ್ದವು. ಬೆಳಿಗ್ಗೆ ಬಿಸಿಲು ಹತ್ತುವ ಮುಂಚೆ ಸ್ವಲ್ಪ ಹೊತ್ತು, ಗುಡುಗಿನ ಮಳೆ ಬಂದು ನಿಂತ ಮೇಲೆ ಸ್ವಲ್ಪ ಹೊತ್ತು, ಅಷ್ಟೇ ನಮ್ಮ ಸಮಯ. ಹಾಡಿನ ನಡುವೆ ಬಸ್ಸು ಹಾರ್ನ್ ಹೊಡೆಯಿತು, ಮತ್ತೆ. ಗಿಟಾರಿನ ತಂತಿ ಹರಿಯಿತು, ಮತ್ತೆ. ಜಗಲಿಗೆ ಒಂದು ಎಮ್ಮೆ ಬಂದು ಡ್ರಮ್ಮಿನವನ ಮುಂದೆ ನಿಂತಿತು, ಮತ್ತೆ. ಪ್ರತಿ ‘ಮತ್ತೆ’ಗೂ ಅಕ್ಕೋರು ಪೂರ್ತಿ ದನಿಯಲ್ಲಿ ಹಾಡಬೇಕು. ತಮ್ಮ ದನಿ ತಮಗೇ ಕೇಳದ ಹಾಗೆ ಗಿಟಾರಿನ ಸ್ಪೀಕರು ಪಕ್ಕದಲ್ಲಿ ಕೂಗುತ್ತಿತ್ತು. ಅದರ ಮೇಲೆ ಏರಿ ಹಾಡುವುದೆಂದರೆ ಹೆಚ್ಚುಕಡಿಮೆ ಕಿರುಚುವುದೇ.

ವರ್ಷಗಟ್ಟಲೆ ತುಂಬಿದ ಕ್ಲಾಸಿನಲ್ಲಿ ಕೂಗಿ ಪಾಠ ಹೇಳಿದ ಗಂಟಲು ಅದು. ಶುರುವಿನಲ್ಲಿ ಬರೀ ಗೊಗ್ಗರಾಯಿತು. ಬಿಸಿನೀರು, ಜ್ಯೇಷ್ಠಮಧು, ಕಾಳುಮೆಣಸಿನ ಕಷಾಯ ನಡೆಯಿತು. “ಏನಿಲ್ಲ, ಶಾಲೆ ಶುರುವಾದಾಗೆಲ್ಲ ಹೀಗಾಗುತ್ತೆ, ತಾನೇ ಸರಿಹೋಗುತ್ತೆ,” ಎನ್ನುತ್ತಿದ್ದರು. ಆರು ಹಾಡು ಮುಗಿದವು. ಅದರಲ್ಲಿ ಲಾಂಚಿನ ಹಾಡು ಆಗಲೇ ಒಂದು ಸಲ ಚೆನ್ನಾಗಿ ಬಂದಿತ್ತು, ಇನ್ನೊಂದು ಸಲ ತೆಗೆದರೆ ಇನ್ನೂ ಚೆನ್ನಾಗಿ ಬರುತ್ತದೆ ಎಂದು ಗಿಟಾರಿನವನು ಹಟ ಹಿಡಿದ. ಆ ಎರಡನೆಯ ಸಲವೇ ದನಿ ಒಡೆದದ್ದು.

ಮರುದಿನದ ಮೊದಲ ಬಸ್ಸಿಗೆ ನಾನೂ ಅಕ್ಕೋರೂ ತೀರ್ಥಹಳ್ಳಿಗೆ ಹೋದೆವು. ಅಲ್ಲಿ ಗಂಟಲು ಕಿವಿ ನೋಡುವ ಒಬ್ಬ ಡಾಕ್ಟರಿದ್ದರು. ಸಂಗೀತದ ಹುಚ್ಚು ಇದ್ದವರು, ದೊಡ್ಡ ದೊಡ್ಡ ಕಚೇರಿಗಳನ್ನು ತಮ್ಮ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡವರು. ಆ ಮೆಷಿನ್ನು ಒಂದೆರಡು ಸಲ ನನ್ನ ಅಂಗಡಿಗೆ ರಿಪೇರಿಗೆ ಬಂದಿತ್ತು, ಅದೇ ಪರಿಚಯ. ಅವರು ಹಣೆಗೆ ಕನ್ನಡಿ ಕಟ್ಟಿಕೊಂಡು, ಉದ್ದ ಕಡ್ಡಿಯ ಇನ್ನೊಂದು ಚಿಕ್ಕ ಕನ್ನಡಿಯನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ ಗಂಟಲಿಗೆ ಇಳಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಕೂತರು.

“ಸ್ವರತಂತುವಿನ ಮೇಲೆ ಗಂಟು ಬಿದ್ದಿದೆ ಟೀಚರ್. ಎರಡೂ ಕಡೆ. ಒಂದು ಕಡೆ ರಕ್ತ ಕಟ್ಟಿದೆ. ಇವತ್ತಿನಿಂದ ಮಾತು ಬಂದ್. ಪಿಸುಮಾತೂ ಇಲ್ಲ.”

ಅಕ್ಕೋರು ಎರಡು ಬೆರಳು ತೋರಿಸಿದರು. ಇನ್ನೆರಡು ಹಾಡು ಉಳಿದಿವೆ ಎಂದು ನಾನು ವಿವರಿಸಿದೆ.

“ಹಾಡಿದ್ರೆ ಹಾಡು ಮಾತ್ರ ಅಲ್ಲ, ಮಾತೂ ಹೋಗಬಹುದು. ಮಾತು ಹೋದ ಮೇಲೆ ಟೀಚರ್ ಕೆಲಸ ಯಾರು ಕೊಡ್ತಾರೆ? ಮನೇಲಿ ಯಾರಿದಾರೆ ದುಡಿಯೋರು?”

ಅಕ್ಕೋರು ತಮ್ಮ ಎದೆಯ ಕಡೆ ಬೆರಳು ತೋರಿಸಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ನಾವು ಹುಂಚ ದಾಟುವ ತನಕ ನಾನೂ ಮಾತಾಡಲಿಲ್ಲ. ಮಾತಾಡದವರ ಪಕ್ಕ ಕೂತು ಮಾತಾಡುವುದು ತಪ್ಪು ಅನ್ನಿಸಿತ್ತು. ಆದರೂ ಆ ದಿನ ಪೂರ್ತಿ ಕೈಚೆಲ್ಲಿರಲಿಲ್ಲ. ಆರು ಹಾಡು ನಮ್ಮ ಕೈಯಲ್ಲಿತ್ತು. ಉಳಿದ ಎರಡರ ಜಾಗದಲ್ಲಿ ಬರೀ ಗಿಟಾರು ಡ್ರಮ್ಮು ನುಡಿಸಿದರೆ ಎಲ್‌ಪಿ ಆಗುತ್ತದೆ. ಗಿಟಾರಿನವನೂ ಒಪ್ಪಿದ. ಆ ಎರಡನ್ನು ಮುಗಿಸಿ, ಗೋಣಿಚೀಲ ಮಿಲ್ಲಿಗೆ ಒಪ್ಪಿಸಿ, ಬೀಗದ ಕೈ ಹೆಡ್ಮಾಸ್ಟರಿಗೆ ಕೊಟ್ಟು ನಾವು ಮೂವರು ಗಂಡಸರು ಸಾಗರಕ್ಕೆ ಬಂದೆವು.

ಸಾಗರದ ಅಂಗಡಿಯಲ್ಲಿ ಟೇಪು ಹಾಕಿ ಕೇಳಿದೆವು. ಅಕ್ಕೋರ ದನಿ ಆರೇಳು ವರ್ಷದ ಹುಡುಗಿಯ ದನಿಯಾಗಿತ್ತು. ಡ್ರಮ್ಮು ತಗಡಿನ ಡಬ್ಬದ ಹಾಗೆ ಕೇಳುತ್ತಿತ್ತು. ಗಿಟಾರಿನವನು ತನ್ನ ಗಿಟಾರು ತೆಗೆದು ತಂತಿ ಮೀಟಿ ನೋಡಿದ. ಟೇಪಿನಲ್ಲಿರುವ ಗಿಟಾರು ಇವನ ಕೈಯಲ್ಲಿರುವ ಗಿಟಾರಿಗಿಂತ ಮೇಲೆ ಇತ್ತು.

“ನನ್ನ ಗಿಟಾರೇ ಅಲ್ಲ ಇದು,” ಎಂದ.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ನಾನು ಮೀಟರ್ ಹಿಡಿದು ವೋಲ್ಟೇಜ್ ನೋಡುತ್ತಿದ್ದೆ, ಸರಿಯಾಗಿಯೇ ಇರುತ್ತಿತ್ತು. ನಾವು ಹಾಡಲು ಶುರು ಮಾಡುವ ಹೊತ್ತಿಗೆ ಎದುರಿನ ಮಿಲ್ಲಿನ ಮೋಟರೂ ಶುರುವಾಗುತ್ತಿತ್ತು. ಲೈನು ಕುಸಿದು ನನ್ನ ಮೆಷಿನ್ನು ನಿಧಾನ ತಿರುಗುತ್ತಿತ್ತು. ನಿಧಾನ ತಿರುಗಿದ ಮೆಷಿನ್ನಿನಲ್ಲಿ ಹಿಡಿದ ಹಾಡನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸ್ವರ ಮೇಲೇರುತ್ತದೆ, ಓಟ ಹೆಚ್ಚುತ್ತದೆ. ಹೊಸನಗರದಲ್ಲೇ ತಿರುಗಿಸಿ ಕೇಳಿದಾಗ ಅದೇ ಕುಸಿದ ಲೈನಿನಲ್ಲಿ ಕೇಳುತ್ತಿದ್ದೆವು, ಹಾಗಾಗಿ ಎಲ್ಲ ಸರಿಯಾಗಿ ಕೇಳುತ್ತಿತ್ತು. ಒಂದೊಂದು ಹಾಡು ಒಂದೊಂದು ವೇಗ. ಲಾಂಚಿನ ಹಾಡಂತೂ ನಡುವೆ ಎರಡು ಕಡೆ ಥಟ್ಟನೆ ಏರಿ ಇಳಿದಿತ್ತು.

ಡ್ರಮ್ಮಿನವನು ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದ. “ಅಕ್ಕೋರಿಗೆ ಹೇಳೋರ್ಯಾರು ಅಣ್ಣಾ?” ಎಂದ.

ಮೂವರೂ ಹೊಸನಗರಕ್ಕೆ ಹೋದೆವು. ಅಕ್ಕೋರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡರು. ಶಾಲೆಯ ಸ್ಲೇಟು ಅವರ ಮಡಿಲಲ್ಲಿತ್ತು, ಈಗ ಅವರ ಮಾತೆಲ್ಲ ಅದರ ಮೇಲೆಯೇ. ನಾನು ಹೇಳಿ ಮುಗಿಸಿದ ಮೇಲೆ ಬಳಪ ತೆಗೆದುಕೊಂಡು ಬರೆದರು: ‘ಮತ್ತೆ ಹಾಡ್ತೀನಿ.’

“ಆಗಲ್ಲ,” ಎಂದೆ.

ಗಿಟಾರಿನವನು ನನ್ನ ಕಡೆ ತಿರುಗಿದ. “ಅವರೇ ಹೇಳುವಾಗ ನಿಮ್ಮದೆಂತ ಮಾರಾಯ್ರೆ? ಒಂದೊಂದೇ ಟೇಕ್. ಬಾಡಿಗೆಗೆ ಜನರೇಟರ್ ತರುವ. ಎರಡೇ ದಿನದ ಕೆಲಸ.”

“ಡಾಕ್ಟರು ಹೇಳಿದ್ದನ್ನ ನಿಂಗೆ ಹೇಳ್ಲಿಲ್ವಾ ನಾನು?”

“ಹೇಳಿದ್ದೀರಿ. ನಾನು ಊರಿಗೆ ಟ್ರಾನ್ಸ್‌ಫರ್ ಬಂದದ್ದನ್ನು ಬೇಡ ಅಂತ ಬರೆದುಕೊಟ್ಟದ್ದು ಇದಕ್ಕೇ. ಇದು ಹೋದರೆ ನನ್ನ ಹತ್ತಿರ ಎಂತದೂ ಇಲ್ಲ.” ಅವನ ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ. ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಹಾಗೆ ಅವನು ಅಕ್ಕೋರ ಆ ಮಾತನ್ನು ಹಿಡಿದುಕೊಂಡಿದ್ದ.

ಅಕ್ಕೋರು ಸ್ಲೇಟು ಒರೆಸಿ ಮತ್ತೆ ಬರೆದರು: ‘ಗಂಟಲು ಹೋದ್ರೆ ನನ್ನದೊಂದೇ. ಟೇಪ್ ಹೋದ್ರೆ ಎಲ್ಲರದ್ದು.’

ಅಲ್ಲಿಯವರೆಗೆ ನಾನು ಬ್ಯಾಂಡಿನಲ್ಲಿ ಯಾವ ತೀರ್ಮಾನವನ್ನೂ ಮಾಡಿದವನಲ್ಲ. ಹಾಡು ಯಾವುದು, ತಾಳ ಎಷ್ಟು ಎಂಬುದೆಲ್ಲ ಅವರದು, ವೈರು ಎಳೆಯುವುದು ನನ್ನದು. ಆ ಹೊತ್ತು ಮಾತ್ರ ಎದ್ದು ನಿಂತು ಹೇಳಿದೆ: “ಮೈಕು ನನ್ನದು. ಅಕ್ಕೋರ ಮುಂದೆ ನಾನದನ್ನ ಇಡಲ್ಲ. ಬೇರೆ ಯಾರಾದ್ರೂ ಇಡ್ತಾರೆ ಅಂದ್ರೆ ನನ್ನ ಸಾಮಾನು ನಾನು ತಗೊಂಡು ಹೋಗ್ತೀನಿ.” ಗಿಟಾರಿನವನು ನನ್ನನ್ನು ಒಂದು ಮಾತು ಬೈದು ಗೇಟು ದಾಟಿ ಹೋದ. ಅಕ್ಕೋರು ಸ್ಲೇಟನ್ನು ಬೋರಲಾಗಿಸಿ ಒಳಗೆ ಎದ್ದುಹೋದರು. ಉಳಿದವರು ನಾನೂ ಡ್ರಮ್ಮಿನವನೂ.

ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ನನಗೊಂದು ಯೋಚನೆ ಬಂತು. ನಿಧಾನ ತಿರುಗಿದ ಮೆಷಿನ್ನಿನಲ್ಲಿ ಹಿಡಿದದ್ದನ್ನು ಅಷ್ಟೇ ನಿಧಾನ ತಿರುಗಿಸಿ ನುಡಿಸಿದರೆ ಸ್ವರ ತನ್ನ ಜಾಗಕ್ಕೆ ಇಳಿಯಬೇಕು. ಇಳಿದಾಗ ಇನ್ನೊಂದು ಮೆಷಿನ್ನಿನಲ್ಲಿ ಅದನ್ನು ಹಿಡಿದುಕೊಳ್ಳಬೇಕು. ಸಾಗರದ ಟೂರಿಂಗ್ ಟಾಕೀಸಿನಲ್ಲಿ ವೋಲ್ಟೇಜನ್ನು ಗುಂಡಿ ತಿರುಗಿಸಿ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್ ಇತ್ತು. ಎರಡನೆಯ ಮೆಷಿನ್ನು ತೀರ್ಥಹಳ್ಳಿಯ ಡಾಕ್ಟರ ಮನೆಯಲ್ಲಿತ್ತು. ಬೇಕಾದದ್ದು ಸ್ವರದ ಕಿವಿ ಇರುವವನು. ನನಗೆ ಅದಿಲ್ಲ. ಡ್ರಮ್ಮಿನವನು ನನ್ನ ಮಾತು ಕೇಳಿ ಎದ್ದ. “ನಾ ಹೋಗಿ ಕರ್ಕಂಬತ್ತೀನಿ. ಬೈದ್ರೆ ಬೈಸ್ಕಂತೀನಿ,” ಎಂದು ಗಿಟಾರಿನವನನ್ನು ಹುಡುಕಿಕೊಂಡು ಹೋದ. ಹೇಗೆ ಒಪ್ಪಿಸಿದನೋ ನನಗೆ ಹೇಳಲಿಲ್ಲ. ನಾನು ಸಾಗರದಿಂದ ಸಾಮಾನು ಏರಿಸಿಕೊಂಡು ಹೊರಟ ತೀರ್ಥಹಳ್ಳಿಯ ಬಸ್ಸಿಗೆ ಇಬ್ಬರೂ ಬಂದರು.

ಡಾಕ್ಟರು ತಮ್ಮ ಮನೆಯ ಮುಂದಿನ ಹಾಲನ್ನು ಬಿಟ್ಟುಕೊಟ್ಟರು. ನನ್ನ ಮೆಷಿನ್ನಿಗೆ ಟಾಕೀಸಿನ ಟ್ರಾನ್ಸ್‌ಫಾರ್ಮರು, ಅವರ ಮೆಷಿನ್ನಿಗೆ ನೇರ ಲೈನು. ಗಿಟಾರಿನವನು ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದು ತನ್ನ ಗಿಟಾರನ್ನು ಸರಿಮಾಡಿಕೊಂಡ. ನಾನು ಟೇಪು ಓಡಿಸಿದೆ. ಅವನು ಒಂದು ಕೈಯಲ್ಲಿ ಗಿಟಾರಿನ ತಂತಿ ಮೀಟುತ್ತ ಇನ್ನೊಂದು ಕೈಯಲ್ಲಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಮಗುವಿನ ದನಿ ಹುಡುಗಿಯದಾಯಿತು, ಇನ್ನಷ್ಟು ಇಳಿದು ಅಕ್ಕೋರದಾಯಿತು. ಡ್ರಮ್ಮಿನವನು ಕಣ್ಣೊರೆಸಿಕೊಂಡ.

ಎಲ್ಲ ಹಾಡೂ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಹಾಡಿನ ನಡುವೆ ಲೈನು ಏರಿಳಿದ ಕಡೆ ಗುಂಡಿಯನ್ನೂ ಅದಕ್ಕೆ ಸರಿಯಾಗಿ ತಿರುಗಿಸಬೇಕಿತ್ತು. ಮುಂಚೆ ತಿರುಗಿಸಿದರೆ ದನಿ ಜಾರಿತು, ತಡವಾದರೆ ಕೀರಲಾಯಿತು. ಗಿಟಾರಿನವನು ಒಂದೊಂದು ಹಾಡನ್ನೂ ಬಾಯಿಪಾಠ ಮಾಡಿದ ಹಾಗೆ ಎಲ್ಲಿ ಎಷ್ಟು ತಿರುಗಿಸಬೇಕು ಎಂದು ಕೈಗೆ ರೂಢಿ ಮಾಡಿಕೊಂಡ. ದಿನವಿಡೀ ಕೂತರೂ ಲಾಂಚಿನ ಹಾಡು ಬಗ್ಗಲೇ ಇಲ್ಲ. ಅದರ ಜಿಗಿತ ಯಾವ ಕೈಗೂ ಸಿಗದಷ್ಟು ಥಟ್ಟನೆ ಇತ್ತು. ಅದಿಲ್ಲದ ರೆಕಾರ್ಡು ನಮಗೆ ಯಾರಿಗೂ ಬೇಕಿರಲಿಲ್ಲ. ಮರುದಿನ ಕಂಪನಿಯವನು ಸಾಗರಕ್ಕೆ ಬರುವವನಿದ್ದ.

ಆಗ ಡ್ರಮ್ಮಿನವನು ಹೇಳಿದ: “ಅಣ್ಣಾ, ಅಕ್ಕೋರ ಗಂಟ್ಲು ಹೋದ ದಿನ ಅಮಾಸೆ ಅಲ್ವಾ? ಮಿಲ್ಲಿಗೆ ರಜೆ ಇತ್ತು. ನಾ ಜಗಲೀಲಿ ಕೂತಿದ್ನಲ್ಲ, ಅವತ್ತು ಮಿಲ್ಲಿನ ಸದ್ದೇ ಇರ್ಲಿಲ್ಲ.”

ಆ ಟೇಪು ಇನ್ನೂ ಇತ್ತು. ದನಿ ಒಡೆದ ಮೇಲೆ ಗಡಿಬಿಡಿಯಲ್ಲಿ ಎಲ್ಲ ನಿಲ್ಲಿಸಿದ್ದೆವು, ಅದರ ಮೇಲೆ ಬೇರೆ ಏನನ್ನೂ ಹಿಡಿದಿರಲಿಲ್ಲ. ಹಾಕಿ ನೋಡಿದೆ. ಗಿಟಾರಿನವನು ಫೋರ್ಕು ತಟ್ಟಿದ. ಶುರುವಿನಿಂದ ಕೊನೆಯವರೆಗೆ ವೇಗ ಸರಿಯಾಗಿತ್ತು. ಕೊನೆಯ ಚರಣ ಬಂತು, ದನಿ ಸೀಳಿತು. ಈಗ ಅದು ದೊಡ್ಡ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು. ನಮ್ಮ ಹಿಂದೆ ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಅಂದು ಅವರು ಗಂಟಲು ತೋರಿಸಲು ಬರುವ ದಿನವಾಗಿತ್ತು. ಯಾವಾಗ ಬಂದರೋ ನಮಗೆ ತಿಳಿದಿರಲಿಲ್ಲ.

ಡಾಕ್ಟರು ಟೇಪು ನಿಲ್ಲಿಸಲು ಸನ್ನೆ ಮಾಡಿದರು. “ನಿಮ್ಮ ಈ ಸಂಗೀತ ನನಗೆ ಅರ್ಥವಾಗಲ್ಲ, ಇಷ್ಟವೂ ಆಗಲ್ಲ. ಅದು ಹೋಗ್ಲಿ. ಈ ಗಂಟಲು ನನಗೆ ಅರ್ಥವಾಗುತ್ತೆ. ನೋವಲ್ಲಿರೋರನ್ನ ಜನರ ಮುಂದೆ ಇಡಬೇಡಿ. ಅಳಿಸಿಬಿಡಿ.”

ನನಗೂ ಹಾಗೆಯೇ ಅನ್ನಿಸಿತ್ತು. ಕೈ ಆಗಲೇ ಅಳಿಸುವ ಗುಂಡಿಯ ಮೇಲಿತ್ತು. ಅಕ್ಕೋರು ಒಳಗೆ ಬಂದು ನನ್ನ ಹೆಡ್‌ಫೋನು ತೆಗೆದುಕೊಂಡು ತಾವೇ ಹಾಕಿಕೊಂಡರು. ಹಿಂದಕ್ಕೆ ಓಡಿಸಿ ಎಂದು ಕೈಯಿಂದ ತೋರಿಸಿದರು. ಹಾಡು ಮುಗಿಯುವ ತನಕ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ಸ್ಲೇಟಿನ ಮೇಲೆ ಬರೆದು ಡಾಕ್ಟರಿಗೆ ತೋರಿಸಿದರು, ನಮಗಲ್ಲ: ‘ನಾನು ಇನ್ನೊಮ್ಮೆ ಹಾಡೋದಿಲ್ಲ. ಇದು ಇರಲಿ.’

ಹಾಗೇ ಆಯಿತು. ಎರಡನೆಯ ಬದಿಯ ಕೊನೆಯ ಹಾಡಾಗಿ ಅದನ್ನು ಹಾಕಿ ಟೇಪನ್ನು ಕಂಪನಿಯವನ ಕೈಗೆ ಕೊಟ್ಟೆವು.

ರೆಕಾರ್ಡು ಒತ್ತಿ ಬಂದದ್ದು ಮಳೆಗಾಲ ಕಳೆದ ಮೇಲೆ. ಮೊದಲ ವಿಮರ್ಶೆ ಪಟ್ಟಣದ ಒಂದು ವಾರಪತ್ರಿಕೆಯಲ್ಲಿ ಬಂತು. ಗಿಟಾರಿನವನು ಅದನ್ನು ನನ್ನ ಅಂಗಡಿಗೆ ತಂದು, ನಿಂತುಕೊಂಡೇ ಓದಿದ. ಮಲೆನಾಡಿನ ಮೂಲೆಯಲ್ಲಿ ಕೂತು ಪರದೇಶದವರ ಗದ್ದಲವನ್ನು ನಕಲು ಮಾಡುವ ಚಪಲ ಎಂದು ಬರೆದಿದ್ದರು. ಡ್ರಮ್ಮು ಪಕ್ಕದ ಊರಿನಲ್ಲಿ ಬಾರಿಸಿದ ಹಾಗಿದೆಯಂತೆ. ಅದು ನಿಜವೇ, ಅವನು ಜಗಲಿಯಲ್ಲಿದ್ದ. ಲಾಂಚಿನ ಹಾಡಿನ ಬಗ್ಗೆ ಕೊನೆಯಲ್ಲಿ ಬರೆದಿದ್ದರು: ಹಾಡಲು ಬಾರದವರನ್ನು ಹಾಡಿಸಿದ್ದು ಒಂದು ತಪ್ಪು, ಗಂಟಲು ಕೆಟ್ಟ ದಿನ ಹಾಡಿಸಿದ್ದು ಇನ್ನೊಂದು, ಅದನ್ನು ಅಳಿಸದೆ ಬಿಟ್ಟ ರೆಕಾರ್ಡಿಂಗ್ ಮಾಡಿದವನಿಗೆ ಕಿವಿಯೇ ಇಲ್ಲ ಎಂಬ ಅರ್ಥದಲ್ಲಿ. ಇನ್ನೊಂದು ಪತ್ರಿಕೆ ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಕಟುವಾಗಿ ಬರೆಯಿತು. ಹೊಗಳಿದವರು ಒಬ್ಬರೂ ಇರಲಿಲ್ಲ. ರೇಡಿಯೊದಲ್ಲಿ ಒಮ್ಮೆಯೂ ಬರಲಿಲ್ಲ. ಕಂಪನಿಯ ಪ್ರತಿನಿಧಿ ಸಾಗರಕ್ಕೆ ಬಂದರೂ ನನ್ನ ಅಂಗಡಿಯ ಕಡೆ ಬರುವುದನ್ನು ಬಿಟ್ಟ.

ವಿಮರ್ಶೆ ಹೊಸನಗರಕ್ಕೂ ಹೋಯಿತು. ಅಷ್ಟರಲ್ಲಿ ಅಕ್ಕೋರಿಗೆ ಮಾತು ಬಂದಿತ್ತು, ಕ್ಲಾಸು ತೆಗೆದುಕೊಳ್ಳುವಷ್ಟು. ಆದರೆ ಅದು ಹಳೆಯ ದನಿಯಲ್ಲ. ತಗ್ಗಿದ, ಒರಟಾದ ಬೇರೆಯೇ ದನಿ. ಮೇಲಿನ ಸ್ವರಗಳು ಹೋಗಿದ್ದವು, ಅವು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅಕ್ಕೋರು ಕೆಲಸಕ್ಕೆ ಸೇರಿದ ದಿನದಿಂದ ಶಾಲೆಯ ಪ್ರಾರ್ಥನೆ ಹೇಳಿಸುತ್ತಿದ್ದರು. ಶಾಲೆಯ ಕಮಿಟಿಯವರು ಒಂದು ದಿನ ಕರೆಸಿ, ಇನ್ನು ಮುಂದೆ ಅದು ಬೇಡ ಎಂದರಂತೆ. ದನಿ ಚೆನ್ನಾಗಿಲ್ಲ, ಹೆಸರೂ ಪೇಪರಿನಲ್ಲಿ ಹಾಗೆ ಬಂದಿದೆ ಎಂದು. ಇದನ್ನು ನನಗೆ ಹೇಳಿದವನು ಡ್ರಮ್ಮಿನವನು. ಹೇಳಿ, “ನಮ್ಮ ದೆಸೆಯಿಂದ,” ಎಂದು ಸೇರಿಸಿದ. ಅವನೂ ಮದುವೆ ಬ್ಯಾಂಡಿಗೆ ವಾಪಸು ಹೋಗಿದ್ದ. ಗಿಟಾರಿನವನು ಕೆಲಸ ಬಿಟ್ಟು ಮುಂಬಯಿಗೆ ಹೋದ. ಹೋಗುವಾಗ ಪಿಕಪ್ಪನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, “ಇಟ್ಟುಕೊಳ್ಳಿ ಮಾರಾಯ್ರೆ,” ಎಂದ.

ಆ ತಿಂಗಳುಗಳಲ್ಲಿ ನಾನು ಯಾರ ಹಾಡನ್ನೂ ಕೇಳಲಾರದವನಾಗಿದ್ದೆ. ಮದುವೆಗೆ ಮೈಕ್‌ಸೆಟ್ಟು ಕಟ್ಟಿ, ರೆಕಾರ್ಡು ಹಾಕಲು ಬೇರೆಯವರಿಗೆ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಅಕ್ಕೋರು ಅಂಗಡಿಗೆ ಬಂದದ್ದು ಒಂದು ಸಂತೆಯ ದಿನ. ಪೇಪರಿನಲ್ಲಿ ಸುತ್ತಿದ್ದ ರೆಕಾರ್ಡನ್ನು ಮೇಜಿನ ಮೇಲಿಟ್ಟು ಕೂತರು. ಬಹಳ ಇಳಿದುಹೋಗಿದ್ದರು. ತಾಯಿ ಹೇಗಿದ್ದಾರೆ ಎಂದು ಕೇಳಿದೆ. “ಹೋದ್ರು,” ಎಂದರು. ಆ ಹೊಸ ದನಿಯನ್ನು ನಾನು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

ಆಮೇಲೆ ರೆಕಾರ್ಡಿನ ಕಡೆ ತೋರಿಸಿ ಕೇಳಿದರು: “ಇದನ್ನ ಅಳಿಸೋಕೆ ಬರುತ್ತಾ?”

“ಟೇಪಾದ್ರೆ ಬರ್ತಿತ್ತು ಅಕ್ಕೋರೇ. ಇದಕ್ಕಾಗಲ್ಲ. ಮುರಿದು ಹಾಕ್ಬಹುದು ಅಷ್ಟೆ.”

“ನನ್ನ ಹತ್ರ ಇರೋದನ್ನ ಮುರಿದ್ರೆ ಬೇರೆಯವರ ಹತ್ರ ಇರೋದು?”

“ಅದು ಇರುತ್ತೆ.”

ಅವರು ರೆಕಾರ್ಡನ್ನು ಬಿಚ್ಚಿ, ಎರಡೂ ಕೈಯಲ್ಲಿ ಅಂಚು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಹಾಕಿ. ನಾನಿದನ್ನ ಪೂರ್ತಿ ಕೇಳಿಲ್ಲ. ಮನೇಲಿ ಪ್ಲೇಯರ್ ಎಲ್ಲಿದೆ?”

ಮೊದಲ ಬದಿ ಹಾಕಿದೆ, ಸಣ್ಣದಾಗಿ. ತಲೆ ತಗ್ಗಿಸಿಕೊಂಡು ಕೇಳಿದರು. ಎರಡನೆಯ ಬದಿಗೆ ತಿರುಗಿಸುವಾಗ ಅವರ ಕಣ್ಣು ಅಂಗಡಿಯ ಮಾಡಿಗೆ ಕಟ್ಟಿದ್ದ ಹಾರ್ನ್ ಸ್ಪೀಕರಿನ ಮೇಲೆ ಹೋಯಿತು. ಬಾಡಿಗೆಗೆ ಕೊಡುವ ಮುಂಚೆ ಆಂಪ್ಲಿಫೈಯರು ಪರೀಕ್ಷೆ ಮಾಡಲು ಇಟ್ಟದ್ದು ಅದು.

“ಅದಕ್ಕೆ ಕೊಡಿ,” ಎಂದರು.

“ಅಕ್ಕೋರೇ, ಇವತ್ತು ಸಂತೆ. ರಸ್ತೆ ತುಂಬ ಜನ.”

“ಪೇಪರಿನವರು ಕೇಳಿದ್ರು. ಕಮಿಟಿಯವರು ಕೇಳದೇನೇ ಹೇಳಿದ್ರು. ಇವರೂ ಕೇಳ್ಲಿ.”

ನಾನು ವೈರು ಬದಲಾಯಿಸಿದೆ. ಹಾಡುಗಳು ಒಂದೊಂದಾಗಿ ರಸ್ತೆಗೆ ಹೋದವು. ಹೆಚ್ಚಿನವರು ನಿಲ್ಲಲಿಲ್ಲ. ಇಬ್ಬರು ನಗುತ್ತ ಹೋದರು. ಒಬ್ಬ ಕಿವಿ ಮುಚ್ಚಿಕೊಂಡು ತೋರಿಸಿದ. ಅಕ್ಕೋರು ಎಲ್ಲವನ್ನೂ ನೋಡುತ್ತ ಹೊಸ್ತಿಲಲ್ಲಿ ನಿಂತಿದ್ದರು. ಕೊನೆಗೆ ಲಾಂಚಿನ ಹಾಡು ಬಂತು. ರಸ್ತೆಯ ಆಚೆ ಬದಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ನಿಂತಳು. ನಿಂತವಳು ಬುಟ್ಟಿ ಇಳಿಸಿ ರಸ್ತೆ ದಾಟಿ ಹಾರ್ನಿನ ಕೆಳಗೆ ಬಂದಳು. ಕೊನೆಯ ಚರಣದಲ್ಲಿ ದನಿ ಸೀಳಿದಾಗ ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದ ಬಟ್ಟೆಯ ಸಿಂಬಿಯನ್ನು ಎದೆಗೆ ಒತ್ತಿಕೊಂಡಳು. ಹಾಡು ಮುಗಿದು ಸೂಜಿ ಖಾಲಿ ತಿರುಗುವ ಸದ್ದು ಹಾರ್ನಿನಲ್ಲಿ ಬರತೊಡಗಿತು. ನಾನು ಸೂಜಿ ಎತ್ತಿದೆ.

ಅವಳು ನನ್ನನ್ನು ಕೇಳಿದಳು: “ಯಾರಪ್ಪ ಇದು ಹೇಳಿದ್ದು? ನೀರಿಗೆ ಮನೆ ಹೋದೋರಾ?”

ನಾನು ಅಕ್ಕೋರ ಮುಖ ನೋಡಿದೆ. ಅವರು ಹೊಸ್ತಿಲು ಇಳಿದು ಅವಳ ಎದುರಿಗೆ ಹೋಗಿ ನಿಂತರು.

“ನಾನು,” ಎಂದರು.